ರಿಮಿನಿ ಬ್ರಿಗೇಡು

ಸೇನೆಯೊಂದರ ಚರಿತ್ರೆಯನ್ನು ಅದು ಗೆದ್ದ ಕದನಗಳಿಂದ ಅಳೆಯುವುದು ರೂಢಿ. ಆದರೆ ಅದು ಯಾರನ್ನು ತನ್ನೊಳಕ್ಕೆ ಸೇರಿಸಿಕೊಂಡಿತು, ಯಾರನ್ನು ಹೊರಗಿಟ್ಟಿತು ಎಂಬುದನ್ನು ವಿಚಾರಿಸದೆ ಆ ಗೆಲವಿನ ಅರ್ಥವು ಪೂರ್ಣವಾಗಿ ತಿಳಿಯದು. ಎರಡನೆಯ ಮಹಾಯುದ್ಧದಲ್ಲಿ ಇಟಲಿಯ ರಿಮಿನಿ ನಗರವನ್ನು ಗೆದ್ದು, ಆ ಊರ ಹೆಸರನ್ನೇ ಬಿರುದಾಗಿ ಪಡೆದ ಗ್ರೀಸಿನ ಮೂರನೆಯ ಪರ್ವತ ಬ್ರಿಗೇಡಿನ ವೃತ್ತಾಂತವು ಇದಕ್ಕೆ ಉಜ್ಜ್ವಲವೂ ವಿಷಾದಕರವೂ ಆದ ನಿದರ್ಶನವಾಗಿದೆ.

1940ರ ಅಕ್ಟೋಬರ್ 28ರಂದು ಮುಸೊಲಿನಿಯ ಬೆದರಿಕೆಯನ್ನು ತಿರಸ್ಕರಿಸಿದ ಗ್ರೀಸ್, ಏರಿಬಂದ ಇಟಲಿಯ ಸೈನ್ಯವನ್ನು ಅಲ್ಬೇನಿಯದ ಮಲೆಗಳೊಳಕ್ಕೆ ಹಿಮ್ಮೆಟ್ಟಿಸಿತು. ಆದರೆ ಮುಂದಿನ ಏಪ್ರಿಲಿನಲ್ಲಿ ಜರ್ಮನರು ಉತ್ತರದಿಂದ ನುಗ್ಗಲು, ಆ ತಿಂಗಳ 27ರಂದು ಅಥೆನ್ಸ್ ನಗರವೂ, ಅನಂತರ ಕ್ರೀಟ್ ದ್ವೀಪವೂ ಶತ್ರುವಶವಾಗಿ, ದೊರೆ ಎರಡನೆಯ ಜಾರ್ಜನೂ ಆತನ ಸರ್ಕಾರವೂ ದೇಶಭ್ರಷ್ಟರಾದರು. ತಪ್ಪಿಸಿಕೊಂಡು ಮಧ್ಯಪ್ರಾಚ್ಯವನ್ನು ಸೇರಿದ ಸೈನಿಕರನ್ನೂ, ಈಜಿಪ್ಟಿನಲ್ಲಿ ಬಹುಕಾಲದಿಂದ ನೆಲೆಸಿದ್ದ ಗ್ರೀಕರನ್ನೂ ಕೂಡಿಸಿ ಬ್ರಿಟಿಷರ ನೆರವಿನಿಂದ ಎರಡು ಬ್ರಿಗೇಡುಗಳು ರಚಿತವಾದವು. ಅವುಗಳಲ್ಲಿ ಮೊದಲನೆಯದು 1942ರಲ್ಲಿ ಎಲ್ ಅಲಮೇನ್ ಮರುಭೂಮಿಯ ಮಹಾಕದನದಲ್ಲಿ ಭಾಗವಹಿಸಿ ಕೀರ್ತಿ ಪಡೆಯಿತು.

ಆದರೆ ತಾಯ್ನಾಡಿನ ರಾಜಕೀಯ ಕಲಹವು ಸಮುದ್ರವನ್ನು ದಾಟಿ ಶಿಬಿರಗಳನ್ನೂ ಹೊಕ್ಕಿತ್ತು. ಯುದ್ಧಕ್ಕೆ ಮುನ್ನ ಸರ್ವಾಧಿಕಾರಕ್ಕೆ ಒಪ್ಪಿಗೆಯಿತ್ತಿದ್ದ ಅರಸನು ಪ್ರಜೆಗಳ ಅಭಿಮತವನ್ನು ಕೇಳದೆ ಹಿಂದಿರುಗಕೂಡದೆಂಬ ಭಾವನೆ ಅನೇಕ ಸೈನಿಕರಲ್ಲಿ ಬಲವಾಗಿ ಬೇರೂರಿತ್ತು. 1944ರ ಮಾರ್ಚಿನಲ್ಲಿ ಗ್ರೀಸಿನ ಬೆಟ್ಟಗಾಡಿನಲ್ಲಿ ಎಡಪಕ್ಷದ ಪ್ರತಿರೋಧಕರು ತಮ್ಮದೇ ಆದ ಆಡಳಿತ ಸಮಿತಿಯೊಂದನ್ನು ಸ್ಥಾಪಿಸಲು, ಅದನ್ನೊಳಗೊಂಡ ಐಕ್ಯ ಸರ್ಕಾರ ಬೇಕೆಂದು ಈಜಿಪ್ಟಿನಲ್ಲಿದ್ದ ಪಡೆಗಳೂ ನೌಕೆಗಳೂ ದಂಗೆಯೆದ್ದವು. ಬ್ರಿಟಿಷರು ಏಪ್ರಿಲಿನಲ್ಲಿ ಮೊದಲನೆಯ ಬ್ರಿಗೇಡನ್ನು ಸುತ್ತುವರಿದು ನಿಶ್ಶಸ್ತ್ರಗೊಳಿಸಿದರು. ಅಲಮೇನಿನ ಯೋಧರೂ ಸೇರಿದಂತೆ ಸಾವಿರಾರು ಮಂದಿ ಮುಳ್ಳುತಂತಿಯ ಬೇಲಿಯ ಹಿಂದೆ ಬಂದಿಗಳಾದರು.

ಸರ್ಕಾರಕ್ಕೂ ಅರಸನಿಗೂ ನಿಷ್ಠರೆಂದು ಪರಿಗಣಿತರಾಗಿ ಉಳಿದವರನ್ನು ಆಯ್ದು ಅದೇ ಬೇಸಗೆಯಲ್ಲಿ ಲೆಬನಾನಿನಲ್ಲಿ ಕಟ್ಟಿದ್ದೇ ಮೂರನೆಯ ಬ್ರಿಗೇಡು. ಕರ್ನಲ್ ತ್ರಾಸಿವುಲೊಸ್ ತ್ಸಕಲೋತೊಸ್ ಅದರ ದಳಪತಿ. ಮೂರು ಪದಾತಿ ಬೆಟಾಲಿಯನ್ನುಗಳು ಅದರ ದೇಹವಾದರೆ, ಅವಕ್ಕೆ ಒತ್ತಾಸೆಯಾಗಿ ಫಿರಂಗಿ ರೆಜಿಮೆಂಟೂ, ನೆಲಬಾಂಬುಗಳನ್ನು ಕಿತ್ತು ದಾರಿ ಮಾಡಿಕೊಡುವ ಎಂಜಿನಿಯರುಗಳೂ, ಸಂದೇಶವಾಹಕ ಹಾಗೂ ವೈದ್ಯಕೀಯ ವಿಭಾಗಗಳೂ ಇದ್ದವು. ಒಟ್ಟು ಸಂಖ್ಯೆ 3,300ಕ್ಕೂ ಅಧಿಕ. ಒಂದೇ ಬಗೆಯ ಆಯುಧವನ್ನು ಹಿಡಿದ ಬೆಟಾಲಿಯನ್ನು ಏಕಾಂಗಿಯಾಗಿ ಬಹುಕಾಲ ಕಾದಾಡಲಾರದು. ನಾನಾ ಅಂಗಗಳನ್ನು ಒಬ್ಬನೇ ನಾಯಕನ ಆಜ್ಞೆಗೆ ಒಳಪಡಿಸಿದ ಬ್ರಿಗೇಡಾದರೋ ಪರರಾಷ್ಟ್ರದ ದೊಡ್ಡ ಸೇನೆಯೊಳಗೆ ಸೇರಿಯೂ ತನ್ನತನವನ್ನು ಉಳಿಸಿಕೊಳ್ಳಬಲ್ಲುದು. ದೇಶವನ್ನು ಕಳೆದುಕೊಂಡ ಸರ್ಕಾರವೊಂದು ಮಿತ್ರರಾಷ್ಟ್ರಗಳ ಪಂಕ್ತಿಯಲ್ಲಿ ತನ್ನ ಧ್ವಜವನ್ನು ಹಿಡಿದು ನಿಲ್ಲಲು ಇಂಥ ರಚನೆಯು ಅತ್ಯಾವಶ್ಯಕವಾಗಿತ್ತು.

ಆಗಸ್ಟಿನಲ್ಲಿ ಇಟಲಿಗೆ ಬಂದಿಳಿದ ಈ ದಳವು ಒಂದನೆಯ ಕೆನಡಿಯನ್ ಕೋರಿನ ಅಧೀನದಲ್ಲಿ, ಜರ್ಮನರ ಗಾಥಿಕ್ ರೇಖೆಯೆಂಬ ರಕ್ಷಣಾಸಾಲಿನ ಪೂರ್ವದ ಕೊನೆಯನ್ನು ಭೇದಿಸುವ ಕಾರ್ಯಕ್ಕೆ ನಿಯುಕ್ತವಾಯಿತು. ಪರ್ವತ ಬ್ರಿಗೇಡೆಂಬ ಹೆಸರು ಹೊತ್ತಿದ್ದರೂ ಅದರ ಪಾಲಿಗೆ ಬಂದದ್ದು ಆಡ್ರಿಯಾಟಿಕ್ ಕಡಲಂಚಿನ ನೆಲ. ಅಲ್ಲಿಯ ಒಂದೊಂದು ಹೊಲಮನೆಯನ್ನೂ ನುರಿತ ಜರ್ಮನ್ ಪ್ಯಾರಾಶೂಟ್ ಯೋಧರು ಕೋಟೆಯನ್ನಾಗಿಸಿದ್ದರು. ಸೆಪ್ಟೆಂಬರ್ ಮಧ್ಯದಲ್ಲಿ, ನ್ಯೂಜಿಲೆಂಡಿನ ಟ್ಯಾಂಕುಗಳೊಡಗೂಡಿ, ಮೊನಾಲ್ದಿನಿ, ಮೊಂತಿಚೆಲ್ಲಿ ಎಂಬ ನೆಲೆಗಳನ್ನೂ ಬಳಿಕ ವಿಮಾನನಿಲ್ದಾಣವನ್ನೂ ಗೆದ್ದ ಗ್ರೀಕರು 21ರ ಬೆಳಿಗ್ಗೆ ರಿಮಿನಿಯನ್ನು ಪ್ರವೇಶಿಸಿದರು. ನಗರಾಧ್ಯಕ್ಷನು ಶರಣಾಗತಿಯ ಪತ್ರವನ್ನು ಒಪ್ಪಿಸಿದ್ದು ಅವರಿಗೇ. ನಾಲ್ಕು ವರ್ಷಗಳ ಹಿಂದೆ ತಮ್ಮ ನಾಡಿನ ಮೇಲೆ ದಂಡೆತ್ತಿ ಬಂದ ದೇಶದ ನೆಲದಲ್ಲಿ ತಮ್ಮ ಧ್ವಜ ಏರಿದುದನ್ನು ಕಂಡವರ ಹೃದಯದಲ್ಲಿ ಉಕ್ಕಿರಬಹುದಾದ ಭಾವವನ್ನು ನಾವು ಊಹಿಸಿಕೊಳ್ಳಬಹುದು. ಅದೇ ದಿನಗಳಲ್ಲಿ ನೈಋತ್ಯದ ಸಾನ್ ಮರಿನೊ ಬೆಟ್ಟದಲ್ಲಿ ಭಾರತದ ನಾಲ್ಕನೆಯ ಡಿವಿಜನ್ನೂ ಅದೇ ಶತ್ರುವಿನೊಡನೆ ಹೋರಾಡುತ್ತಿತ್ತು. ಮಡಿದ ಗ್ರೀಕ್ ಯೋಧರ ಸಮಾಧಿಗಳು ಸಮೀಪದ ರಿಚ್ಚಿಯೋನೆಯಲ್ಲಿವೆ.

ನವೆಂಬರಿನಲ್ಲಿ ಬ್ರಿಗೇಡು ವಿಮುಕ್ತವಾದ ಅಥೆನ್ಸಿಗೆ ಮರಳಿತು. ಪ್ರಧಾನಿ ಜಾರ್ಜ್ ಪಪಾಂದ್ರೆಯು ಅವರ ಸರ್ಕಾರವು ಪ್ರತಿರೋಧದ ಗೆರಿಲ್ಲಾ ಪಡೆಗಳನ್ನು ವಿಸರ್ಜಿಸಬೇಕೆಂದಾಗ, ಹಾಗಾದರೆ ರಿಮಿನಿ ಬ್ರಿಗೇಡೇಕೆ ಉಳಿಯಬೇಕು ಎಂದು ಎಡಪಕ್ಷವು ಕೇಳಿತು. ಮಾತುಕತೆ ಮುರಿದುಬಿದ್ದು, ಸರ್ಕಾರದಲ್ಲಿದ್ದ ಅದರ ಮಂತ್ರಿಗಳು ರಾಜೀನಾಮೆಯಿತ್ತರು. ಡಿಸೆಂಬರ್ 3ರಂದು ಎಡಪಕ್ಷದ ಮೆರವಣಿಗೆಯ ಮೇಲೆ ಗುಂಡು ಹಾರಿ ಜನರು ಸತ್ತ ಮೇಲೆ ನಗರವೇ ರಣರಂಗವಾಯಿತು. ಬ್ರಿಗೇಡು ಬ್ರಿಟಿಷರ ಜೊತೆಗೂಡಿ ಎಡಪಕ್ಷದ ಗೆರಿಲ್ಲಾ ಸೇನೆಯ ಮೇಲೆ ಕಾದಿತು. 1945ರ ಫೆಬ್ರವರಿ 12ರ ವಾರ್ಕಿಜಾ ಒಪ್ಪಂದವೂ ಶಾಂತಿಯನ್ನು ಸ್ಥಿರಗೊಳಿಸಲಿಲ್ಲ. 1946ರಿಂದ 1949ರವರೆಗೆ ಅಂತರ್ಯುದ್ಧವು ದೇಶವನ್ನು ಸುಟ್ಟಿತು, ತ್ಸಕಲೋತೊಸ್ ಅದರಲ್ಲಿಯೂ ಪ್ರಮುಖ ಸೇನಾನಿಯಾಗಿದ್ದರು.

ರಿಮಿನಿಯಲ್ಲಿ ಪ್ರಾಣವನ್ನಿತ್ತವನ ಶೌರ್ಯವು ಡಿಸೆಂಬರಿನ ಕಲಹದಿಂದ ಕುಂದುವುದಿಲ್ಲ. ಅಂತೆಯೇ ಆ ಶೌರ್ಯವನ್ನು ಮುಂದೊಡ್ಡಿ, ಒಂದೇ ಮತದವರನ್ನು ಆರಿಸಿ ಕಟ್ಟಿದ ಪಡೆಯು ಸಮಸ್ತ ರಾಷ್ಟ್ರದ ಸೇನೆಯಾಗಿತ್ತೆಂದು ಹೇಳುವುದೂ ಸತ್ಯವಾಗದು. ಯಾವ ಏಕಮತವು ಪರನೆಲದಲ್ಲಿ ಅದಕ್ಕೆ ಅಭೇದ್ಯವಾದ ಒಗ್ಗಟ್ಟನ್ನು ತಂದಿತೋ ಅದೇ ಏಕಮತವು ಸ್ವದೇಶದಲ್ಲಿ ಅದನ್ನು ಒಂದು ಪಕ್ಷದ ಆಯುಧವನ್ನಾಗಿ ಮಾಡಿತು. ಯೋಧನಿಗೆ ಸಲ್ಲಬೇಕಾದ ಗೌರವವನ್ನು ಸಲ್ಲಿಸಿ, ಆಳುವವರು ಅವನನ್ನು ಬಳಸಿಕೊಂಡ ರೀತಿಯನ್ನು ಬೇರೆಯಾಗಿ ತೂಗುವುದೇ ಇಂಥ ಚರಿತ್ರೆಗೆ ನಾವು ಸಲ್ಲಿಸಬಹುದಾದ ನ್ಯಾಯ.