ಮದ್ರಾಸಿನ ವಿದ್ಯಾರ್ಥಿ, ಮದ್ರಾಸಿನ ಕೈದಿ

ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ದಕ್ಷಿಣ ಕನ್ನಡ ಮದ್ರಾಸ್ ಪ್ರಾಂತ್ಯದ ಒಂದು ಜಿಲ್ಲೆ. ಮಂಗಳೂರಿನ ಹುಡುಗರಿಗೆ ದೊಡ್ಡ ಪದವಿ ಎಂದರೆ ಮದ್ರಾಸು. ಮಂಗಳೂರಿಗೆ ರೈಲು ಬಂದದ್ದೇ 1907ರಲ್ಲಿ. ಅದಕ್ಕೂ ಮೊದಲೇ ಕೆನರಾ ಹೈಸ್ಕೂಲಿನಲ್ಲಿ ಓದಿದ ಬೆನೆಗಲ್ ನರಸಿಂಗ ರಾವ್ ಮದ್ರಾಸ್ ವಿಶ್ವವಿದ್ಯಾಲಯದ ಪದವಿ ಪಡೆದಾಗಿತ್ತು. 1905ರಲ್ಲಿ ಇಂಗ್ಲಿಷ್, ಭೌತಶಾಸ್ತ್ರ, ಸಂಸ್ಕೃತ ಮೂರರಲ್ಲೂ ಪ್ರಥಮ ದರ್ಜೆ. ಮರುವರ್ಷ ಗಣಿತದಲ್ಲೂ ಅದೇ.

ಸಾರ್ವಜನಿಕ ನೀತಿ, ಅಂತರರಾಷ್ಟ್ರೀಯ ವ್ಯವಹಾರ ಎಂಬ ಪದವಿಗಳು ಆಗ ಅಲ್ಲಿ ಇರಲಿಲ್ಲ. ಆ ಪಾಠಗಳನ್ನು ರಾವ್ ಕಲಿತದ್ದು ಕೆಲಸ ಮಾಡುತ್ತ. ಕೇಂಬ್ರಿಜ್‌ನಲ್ಲಿ ಓದಿ 1909ರಲ್ಲಿ ಐಸಿಎಸ್ ಪಾಸಾದಾಗ ಅವರನ್ನು ಮದ್ರಾಸಿಗೇ ನಿಯಮಿಸಲಾಯಿತು. ಬೇರೆಯವರಾಗಿದ್ದರೆ ಖುಷಿಪಡುತ್ತಿದ್ದರು. ರಾವ್ ಮಾತ್ರ ಆ ಪ್ರಾಂತ್ಯದಲ್ಲಿ ತನ್ನ ನೆಂಟರಿಷ್ಟರು ಬಹಳ, ತಂದೆಯ ಜಮೀನೂ ಇದೆ, ಬೇರೆಲ್ಲಿಗಾದರೂ ಕಳುಹಿಸಿ ಎಂದು ಪತ್ರ ಬರೆದರು. ಬಂಗಾಳ ಸಿಕ್ಕಿತು.

1946ರಲ್ಲಿ ಅವರು ಸಂವಿಧಾನ ಸಭೆಯ ಸಲಹೆಗಾರರಾದರು. ಸಂಬಳ ಪಡೆಯಲಿಲ್ಲ. 1947ರ ಅಕ್ಟೋಬರ್ ಹೊತ್ತಿಗೆ ಮೊದಲ ಕರಡು ಸಿದ್ಧ: 243 ವಿಧಿ, 13 ಅನುಸೂಚಿ. ಬಳಿಕ ಅಮೆರಿಕ, ಕೆನಡಾ, ಐರ್ಲೆಂಡ್, ಬ್ರಿಟನ್ ಸುತ್ತಿದರು. ಅರವತ್ತು ವರ್ಷದ ಹಿರಿಯರು ಮತ್ತೆ ವಿದ್ಯಾರ್ಥಿಯಂತೆ ಪ್ರಶ್ನೆ ಕೇಳುತ್ತಿದ್ದರು. ಅಮೆರಿಕದ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಫ್ರಾಂಕ್‌ಫರ್ಟರ್ ಒಂದು ಎಚ್ಚರಿಕೆ ಕೊಟ್ಟರು: ವೈಯಕ್ತಿಕ ಸ್ವಾತಂತ್ರ್ಯದ ವಿಧಿಯಲ್ಲಿ ‘ಡ್ಯೂ ಪ್ರಾಸೆಸ್’ ಎಂಬ ಮಾತು ಸೇರಿಸಿದರೆ, ಜನಪ್ರತಿನಿಧಿಗಳ ಕಾನೂನನ್ನು ಕೆಲವೇ ನ್ಯಾಯಾಧೀಶರು ತಡೆಯಬಹುದು, ಅದು ಪ್ರಜಾಪ್ರಭುತ್ವಕ್ಕೆ ಒಪ್ಪುವಂಥದ್ದಲ್ಲ, ನ್ಯಾಯಾಲಯಕ್ಕೂ ಹೊರೆ. ಕರಡು ಸಮಿತಿ ಆ ಮಾತನ್ನು ತೆಗೆದು ‘ಕಾನೂನಿನಿಂದ ಸ್ಥಾಪಿತವಾದ ಕಾರ್ಯವಿಧಾನ’ ಎಂದು ಬರೆಯಿತು. ಇಂದಿನ 21ನೇ ವಿಧಿಯಲ್ಲಿರುವುದು ಅದೇ.

ಈ ಪದಗಳ ಮೊದಲ ದೊಡ್ಡ ಪರೀಕ್ಷೆ ಮದ್ರಾಸಿನಿಂದಲೇ ಬಂತು. ಮದ್ರಾಸ್ ಸರ್ಕಾರ ಮುಂಜಾಗ್ರತಾ ಬಂಧನದಲ್ಲಿಟ್ಟಿದ್ದ ಕಮ್ಯುನಿಸ್ಟ್ ನಾಯಕ ಎ. ಕೆ. ಗೋಪಾಲನ್ ಸುಪ್ರೀಂ ಕೋರ್ಟಿಗೆ ಹೋದರು. 1950ರ ಮೇ 19ರಂದು ತೀರ್ಪು: ಶಾಸಕಾಂಗ ಮಾಡಿದ ಕಾನೂನು ಒಂದು ಕ್ರಮ ಹೇಳಿದ್ದರೆ ಸಾಕು, ಅದು ನ್ಯಾಯವೇ ಎಂದು ನ್ಯಾಯಾಲಯ ತೂಗಬೇಕಿಲ್ಲ. ಈ ವಿಷಯದಲ್ಲಿ ಫಜಲ್ ಅಲಿಯವರದು ಭಿನ್ನ ದನಿ. ಗೋಪಾಲನ್‌ಗೆ ಬಿಡುಗಡೆ ಸಿಗಲಿಲ್ಲ.

ಮರುತಿಂಗಳು ರಾವ್ ವಿಶ್ವಸಂಸ್ಥೆಯ ಭದ್ರತಾ ಮಂಡಳಿಯ ಅಧ್ಯಕ್ಷರು. ಕೊರಿಯಾ ಯುದ್ಧ ಶುರುವಾದ ದಿನ ಸಭೆ ನಡೆದದ್ದು ಅವರ ಅಧ್ಯಕ್ಷತೆಯಲ್ಲಿ. 1952ರಲ್ಲಿ ಹೇಗ್‌ನ ಅಂತರರಾಷ್ಟ್ರೀಯ ನ್ಯಾಯಾಲಯ ಸೇರಿ, 1953ರ ನವೆಂಬರಿನಲ್ಲಿ ತೀರಿಕೊಂಡರು.

ಕಾರ್ಯವಿಧಾನ ನ್ಯಾಯವಾಗಿಯೂ ಸಮಂಜಸವಾಗಿಯೂ ಇರಬೇಕೆಂದು ಸುಪ್ರೀಂ ಕೋರ್ಟ್ ಹೇಳಲು 1978ರ ಮೇನಕಾ ಗಾಂಧಿ ಪ್ರಕರಣದವರೆಗೆ ಕಾಯಬೇಕಾಯಿತು. ನೆಂಟರಿರುವ ಊರಿನಲ್ಲಿ ತನ್ನ ಕೈಗೆ ಅಧಿಕಾರ ಬೇಡವೆಂದ ಮನುಷ್ಯ ಶಾಸನಸಭೆಯ ಕೈಯನ್ನು ಹೆಚ್ಚು ನಂಬಿದರು. ಆ ನಂಬಿಕೆಯ ಬೆಲೆಯನ್ನು ಮೊದಲು ತೆತ್ತವರು ಜೈಲಿನಲ್ಲಿದ್ದವರು.