ಭದ್ರತಾ ಅನುಮತಿ (ಅಮೆರಿಕ): ಮಾದಕ ವಸ್ತು ಮತ್ತು ಅಪ್ರಾಮಾಣಿಕತೆ

ಅಮೆರಿಕ ಸರ್ಕಾರದ ರಹಸ್ಯ ಮಾಹಿತಿ ನೋಡಲು ಬೇಕಾದ ಭದ್ರತಾ ಅನುಮತಿಯ ಅರ್ಹತೆಯನ್ನು 2017ರ ಜೂನ್‌ನಲ್ಲಿ ಜಾರಿಗೆ ಬಂದ 13 ಮಾರ್ಗಸೂಚಿಗಳ ಮೇಲೆ ಅಳೆಯಲಾಗುತ್ತದೆ. ಮಾದಕ ವಸ್ತು ಸೇವನೆ ‘ಎಚ್’ ಮಾರ್ಗಸೂಚಿಗೆ, ಸುಳ್ಳು ಹೇಳಿಕೆ ‘ಇ’ ಮಾರ್ಗಸೂಚಿಗೆ ಸೇರುತ್ತವೆ. ಸದ್ಯ ಅಕ್ರಮವಾಗಿ ಸೇವಿಸುತ್ತಿರುವವರಿಗೆ ಅನುಮತಿ ನೀಡುವುದನ್ನು ಕಾನೂನೇ ತಡೆಯುತ್ತದೆ. ಹಲವು ರಾಜ್ಯಗಳು ಗಾಂಜಾವನ್ನು ಸಕ್ರಮಗೊಳಿಸಿದ್ದರೂ ಒಕ್ಕೂಟ ಸರ್ಕಾರದ ಕಣ್ಣಿಗೆ ಅದು ನೆಪವಲ್ಲ. ಹಳೆಯ ಸೇವನೆಯ ಕಥೆ ಬೇರೆ: ಎಷ್ಟು ಹಿಂದೆ, ಎಷ್ಟು ಸಲ, ಮತ್ತೆ ಮುಟ್ಟುವ ಸಂಭವವಿದೆಯೇ ಎಂದು ತೂಗುತ್ತಾರೆ. ಅನುಮತಿ ಬಯಸುವವರು ತುಂಬಬೇಕಾದ ಎಸ್‌ಎಫ್-86 ನಮೂನೆ ಕಳೆದ 7 ವರ್ಷಗಳ ಸೇವನೆಯ ಬಗ್ಗೆ ಕೇಳುತ್ತದೆ. ಅಲ್ಲಿ ಮುಚ್ಚಿಟ್ಟದ್ದು ಬಯಲಾದರೆ ಸೇವನೆಗಿಂತ ಸುಳ್ಳೇ ಭಾರವಾಗುವುದುಂಟು. ಸೇವನೆ ಕಾಲಕ್ರಮದಲ್ಲಿ ಮಾಸುತ್ತದೆ, ಸುಳ್ಳು ನೇರವಾಗಿ ನಂಬಿಕೆಗೇ ತಟ್ಟುತ್ತದೆ. ಯಾರೂ ಎತ್ತಿ ತೋರಿಸುವ ಮುನ್ನ ತಾವಾಗಿಯೇ ತಿದ್ದಿಕೊಂಡವರಿಗೆ ರಿಯಾಯಿತಿ ಸಿಗಬಹುದು. ಉದ್ದೇಶಪೂರ್ವಕ ಸುಳ್ಳಿಗೆ 5 ವರ್ಷದವರೆಗೆ ಜೈಲು ಶಿಕ್ಷೆಯಿದೆ.