ಮದ್ರಾಸು ಎಲ್ಲಿದೆ ಎಂಬ ಲೆಕ್ಕ

ಓಪನ್‌ಸಿಪಿಎನ್ ಎಂಬ ಉಚಿತ ನೌಕಾನಕ್ಷೆ ತಂತ್ರಾಂಶವನ್ನು ಕಂಪ್ಯೂಟರಿಗೆ ಇಳಿಸಿಕೊಂಡು, ಪರದೆಯನ್ನು ಚೆನ್ನೈ ಬಂದರಿನ ಮೇಲೆ ತಂದು ನಿಲ್ಲಿಸಿದರೆ ಹೊಸಬರಿಗೆ ಕಾಣುವುದು ಇಷ್ಟೇ: ಒಡ್ಡೊಡ್ಡಾಗಿ ಗೀಚಿದ ಒಂದು ದಡ, ಅದರ ಮೂಡಣಕ್ಕೆ ಬರಿಯ ನೀಲಿ. ಆಳದ ಅಂಕಿಯಿಲ್ಲ, ದೀಪದ ಗುರುತಿಲ್ಲ. ಅದೇ ಪರದೆಯನ್ನು ಸ್ಯಾನ್ ಫ್ರಾನ್ಸಿಸ್ಕೋಗೆ ಒಯ್ದು, ಅಮೆರಿಕ ಸರ್ಕಾರ ಪುಕ್ಕಟೆ ಕೊಡುವ ನಕ್ಷೆಯನ್ನು ತುಂಬಿದರೆ ಬೋಯಾ, ಬಂಡೆ, ಲಂಗರು ಹಾಕುವ ಜಾಗ ಎಲ್ಲವೂ ಎದ್ದು ಬರುತ್ತವೆ. ಹಾಗಾಗಿ ಚೆನ್ನೈಯ ರಾಯಪುರಂನಲ್ಲಿ ಕೂತು ಹಾಯಿ ಕಲಿಯುವವರು ಕ್ಯಾಲಿಫೋರ್ನಿಯಾದಲ್ಲಿ ದೋಣಿ ಬಿಟ್ಟು ಅಭ್ಯಾಸ ಮಾಡಬೇಕು. ತಂತ್ರಾಂಶ ಬಿಟ್ಟಿ, ನಮ್ಮ ಕಡಲಿನ ನಕ್ಷೆ ಬಿಟ್ಟಿಯಲ್ಲ.

ವಿಚಿತ್ರವೆಂದರೆ, ಈ ದೇಶದಲ್ಲಿ ‘ನಾನು ಎಲ್ಲಿದ್ದೇನೆ’ ಎಂಬುದನ್ನು ಅಳೆಯಲು ಮೊದಮೊದಲಿಗೆ ಕೂತ ಊರುಗಳಲ್ಲಿ ಮದ್ರಾಸೂ ಒಂದು.

ಅದಕ್ಕೂ ಹಿಂದೆ ನಾವಿಕರ ಕೈಯಲ್ಲಿದ್ದುದು ಒಂದು ಹಲಗೆ. ಅರಬರು ಕಮಾಲ್ ಎಂದರು. ತಮಿಳರ ಇರಾಪ್ಪಲಗೈ, ಕನ್ನಡದ ಕಿವಿಗೆ, ಇರುಳ ಹಲಗೆಯೇ. ಹಲಗೆಯ ನಡುವಿನಿಂದ ಹೊರಟ ಗಂಟುದಾರವನ್ನು ಹಲ್ಲಲ್ಲಿ ಕಚ್ಚಿ, ಕೆಳ ಅಂಚನ್ನು ದಿಗಂತಕ್ಕೂ ಮೇಲಂಚನ್ನು ಧ್ರುವನಕ್ಷತ್ರಕ್ಕೂ ಹೊಂದಿಸಬೇಕು. ಹಲ್ಲಿಗೆ ಸಿಕ್ಕ ಗಂಟು ಯಾವುದೋ ಅದರಂತೆ ಊರು. ಚೆನ್ನೈ ಇರುವುದು 13 ಡಿಗ್ರಿ 5 ಮಿನಿಟಿನಲ್ಲಿ, ಮಂಗಳೂರು 12 ಡಿಗ್ರಿ 52ರಲ್ಲಿ. ಅಂದರೆ ಪಡುವಣದ ತಾಂಡೇಲನಿಗೂ ಮೂಡಣದವನಿಗೂ ಒಂದೇ ಗಂಟು ಸಾಕಿತ್ತು! ಆದರೆ ದಾರ ಹೇಳುತ್ತಿದ್ದುದು ತೆಂಕಣ-ಬಡಗಣದ ಮಾತು ಮಾತ್ರ. ಅಡ್ಡದ ಲೆಕ್ಕ, ಅಂದರೆ ರೇಖಾಂಶ, ಅದಕ್ಕೆ ದಕ್ಕಲಿಲ್ಲ.

ದಕ್ಕಿಸಿಕೊಳ್ಳಲು ಹೊರಟದ್ದು ಈಸ್ಟ್ ಇಂಡಿಯಾ ಕಂಪನಿ. ಕಂಪನಿಯ ಅಧಿಕಾರಿ ವಿಲಿಯಂ ಪೆಟ್ರಿ 1786ರಲ್ಲಿ ಸ್ವಂತಕ್ಕೆ ಕಟ್ಟಿಕೊಂಡಿದ್ದ ವೀಕ್ಷಣಾಲಯದ ಉಪಕರಣಗಳನ್ನು ಪಡೆದು, ಕಡಲ ಸರ್ವೇಯರ್ ಮೈಕೆಲ್ ಟಾಪಿಂಗ್ 1792ರಲ್ಲಿ ನುಂಗಂಬಾಕ್ಕಂನಲ್ಲಿ ಮದ್ರಾಸು ವೀಕ್ಷಣಾಲಯವನ್ನು ಕಟ್ಟಿದ. ಖಗೋಳ, ಭೂಗೋಳ, ನೌಕಾಯಾನ, ಈ ಮೂರೂ ಅದರ ಉದ್ದೇಶಗಳು. ದೂರದರ್ಶಕ ಹೊತ್ತಿದ್ದ ಕರಿಕಲ್ಲಿನ ಕಂಬ ಇಂದಿಗೂ ಅಲ್ಲಿನ ಹವಾಮಾನ ಇಲಾಖೆಯ ಆವರಣದಲ್ಲಿ ನಿಂತಿದೆ. ಭಾರತದ ಸರ್ವೆ ನಕ್ಷೆಗಳೆಲ್ಲ ರೇಖಾಂಶ ಎಣಿಸಿದ್ದು ಈ ವೀಕ್ಷಣಾಲಯಕ್ಕೆ ಗೊತ್ತುಮಾಡಿದ ಅಂಕಿಯಿಂದ. ಆ ಅಂಕಿಯೇ ತಪ್ಪಿತ್ತು. ಟೆಲಿಗ್ರಾಫ್ ಬಂದು ಗಡಿಯಾರಗಳನ್ನು ತಾಳೆ ನೋಡಿದ ಮೇಲೆ ರೇಖಾಂಶದಲ್ಲಿ ಸುಮಾರು ಎರಡೂವರೆ ಮಿನಿಟು ಕಳೆಯಬೇಕೆಂದು ತಿಳಿಯಿತು. ನೆಲದ ಮೇಲೆ ಅದು ನಾಲ್ಕು ಕಿಲೋಮೀಟರಿಗೂ ಮಿಕ್ಕ ದೂರ.

ಈ ನಡುವೆ ಸರ್ವೇಯರ್ ವಿಲಿಯಂ ಲ್ಯಾಂಬ್ಟನ್ 1802ರ ಏಪ್ರಿಲ್‌ನಲ್ಲಿ ಸಂತ ಥಾಮಸ್ ಬೆಟ್ಟದ ಬಳಿ ಸರಪಳಿ ಎಳೆದು, ತ್ರಿಕೋನದ ಮೇಲೆ ತ್ರಿಕೋನ ಹೆಣೆಯುತ್ತ ಮೈಸೂರು ಸೀಮೆಯನ್ನು ದಾಟಿ ಮಂಗಳೂರಿನ ಕಡಲಿಗೆ ಮುಟ್ಟಿದ. ನಾನೂರು ಮೈಲಿ ಎಂದುಕೊಂಡಿದ್ದ ಪರ್ಯಾಯ ದ್ವೀಪದ ಅಗಲ 360ಕ್ಕೆ ಇಳಿಯಿತು. ಅವನ ನಂತರ ಬಂದ ಎವರೆಸ್ಟ್ 1830ರಲ್ಲಿ ಭೂಮಿಗೊಂದು ಆಕಾರ ಲೆಕ್ಕಹಾಕಿದ. ನಮ್ಮ ಹಳೆಯ ನಕ್ಷೆಗಳು ಕೂತಿರುವುದು ಅದರ ಮೇಲೆ. ಜಿಪಿಎಸ್ ಕೂತಿರುವುದು ಬೇರೆ ಆಕಾರದ ಮೇಲೆ, ಡಬ್ಲ್ಯುಜಿಎಸ್ 84ರ ಮೇಲೆ. ಹಳೆಯ ಕಾಗದದ ನಕ್ಷೆಯನ್ನು ಸ್ಕ್ಯಾನ್ ಮಾಡಿ ತಂತ್ರಾಂಶಕ್ಕೆ ಹಾಕಿದವರಿಗೆ ಇದು ಥಟ್ಟನೆ ಅರ್ಥವಾಗುತ್ತದೆ: ದೋಣಿ ನೀರಿನಲ್ಲೇ ಇದ್ದರೂ ಪರದೆಯಲ್ಲಿ ಬಂದರಿನ ಗೋಡೆ ಹತ್ತಿ ಕೂತಿರುತ್ತದೆ. ಹೊಸಬರು ಮೊದಲು ಕಲಿಯಬೇಕಾದದ್ದು ಯಾವ ಗುಂಡಿ ಒತ್ತಬೇಕು ಎಂಬುದನ್ನಲ್ಲ, ನಕ್ಷೆ ಯಾವ ಆಕಾರದ ಮೇಲೆ ಕೂತಿದೆ ಎಂದು ಮೂಲೆಯಲ್ಲಿ ಬರೆದಿರುವ ಸಣ್ಣಕ್ಷರವನ್ನು ಓದುವುದನ್ನು.

ನಕ್ಷೆಯ ಇಸವಿಯನ್ನೂ ಓದಬೇಕು, ಏಕೆಂದರೆ ದಡ ಇದ್ದಲ್ಲೇ ಇರುವುದಿಲ್ಲ. ಇಲ್ಲಿನ ಅಲೆಗಳು ಮರಳನ್ನು ಬಡಗಣಕ್ಕೆ ಒಯ್ಯುತ್ತವೆ. ಬಂದರಿನ ಗೋಡೆ ಅಡ್ಡ ಬಂದದ್ದರಿಂದಲೇ ತೆಂಕಣಕ್ಕೆ ಮರೀನಾ ಅಷ್ಟು ಅಗಲವಾಯಿತು, ಬಡಗಣದ ದಡ ಕೊರೆಯಿತು.

ಮುಂದಿನದು ವೇಗದ ಕಥೆ. 2000ದ ಮೇ ತಿಂಗಳಲ್ಲಿ ಅಮೆರಿಕ ಜಿಪಿಎಸ್ಸಿಗೆ ಬೇಕೆಂದೇ ಬೆರೆಸುತ್ತಿದ್ದ ತಪ್ಪನ್ನು ನಿಲ್ಲಿಸಿತು. 2012ರಿಂದ ಹಂತಹಂತವಾಗಿ ದೊಡ್ಡ ಹಡಗುಗಳಿಗೆ ಎಲೆಕ್ಟ್ರಾನಿಕ್ ನಕ್ಷೆ ಕಡ್ಡಾಯವಾಯಿತು. ಸಣ್ಣ ದೋಣಿಗಳಿಗೆ ಓಪನ್‌ಸಿಪಿಎನ್‌ನಂಥವು ಅಷ್ಟರಲ್ಲೇ ಬಂದಿದ್ದವು. ನಂಬಿಕೆ ಎಷ್ಟು ಬೆಳೆಯಿತೆಂದರೆ, 2014ರ ನವೆಂಬರ್ 29ರಂದು ಟೀಮ್ ವೆಸ್ಟಾಸ್ ವಿಂಡ್ ಎಂಬ ರೇಸಿನ ದೋಣಿ ನಮ್ಮದೇ ಹಿಂದೂ ಮಹಾಸಾಗರದಲ್ಲಿ, ಮಾರಿಷಸ್ಸಿನ ಬಡಗಣಕ್ಕೆ, ಹವಳದ ದಿಬ್ಬಕ್ಕೆ ನೇರ ಹೋಗಿ ಗುದ್ದಿತು. ದಿಬ್ಬ ನಕ್ಷೆಯಲ್ಲಿ ಇತ್ತು. ಹಿಗ್ಗಿಸಿ ನೋಡಿದ್ದರೆ ಕಾಣುತ್ತಿತ್ತು.

ಚೆನ್ನೈಯಲ್ಲಿ ಹವ್ಯಾಸಕ್ಕೆ ಹಾಯಿ ಕಟ್ಟುವವರ ನೆಲೆ 1911ರ ರಾಯಲ್ ಮದ್ರಾಸ್ ಯಾಟ್ ಕ್ಲಬ್. ಈ ಕಡಲಲ್ಲಿ ತಂತ್ರಾಂಶ ಹೊಸಬರನ್ನು ಮೂರು ಕಡೆ ಮೋಸ ಮಾಡುತ್ತದೆ. ಎರಡು ಬಿಂದುಗಳ ನಡುವೆ ಅದು ನೇರ ಗೆರೆ ಎಳೆಯುತ್ತದೆ. ಎದುರುಗಾಳಿಗೆ ಹಾಯಿ ಹೋಗುವುದು ಹಾವಿನ ನಡೆಯಲ್ಲಿ. ಗಾಳಿಯ ಮುನ್ಸೂಚನೆಯ ಕಡತ ಸಾಮಾನ್ಯವಾಗಿ ಸುಮಾರು ಇಪ್ಪತ್ತೈದು ಕಿಲೋಮೀಟರಿಗೊಂದು ಬಾಣ ತೋರಿಸುತ್ತದೆ. ಮಧ್ಯಾಹ್ನ ದಡಕ್ಕೆ ನುಗ್ಗುವ ಕಡಲಗಾಳಿ ಆ ಜರಡಿಯಲ್ಲಿ ಸೋರಿಹೋಗುತ್ತದೆ. ಇನ್ನು ದೋಣಿಯ ಮೂತಿ ಒಂದು ಕಡೆ, ಅದು ಸಾಗುವುದು ಇನ್ನೊಂದು ಕಡೆ: ಇಲ್ಲಿನ ಕಡಲಹರಿವು ಮುಂಗಾರಿಗೆ ಮುಂಚೆ ಬಡಗಣಕ್ಕೂ ಹಿಂಗಾರಿನಲ್ಲಿ ತೆಂಕಣಕ್ಕೂ ತಿರುಗುತ್ತದೆ. ಈ ಎರಡು ದಿಕ್ಕುಗಳನ್ನು ತೋರಿಸುವ ಪರದೆಯ ಗೆರೆಗಳು ಬೇರೆಯಾದದ್ದನ್ನು ಕಂಡು ‘ಯಂತ್ರ ಕೆಟ್ಟಿದೆ’ ಎನ್ನುವವರು ಇನ್ನೂ ಕಲಿಯುತ್ತಿದ್ದಾರೆ ಎಂದರ್ಥ.

ಇದನ್ನೆಲ್ಲ ಯಾರೂ ಹೇಳಿಕೊಡದೆ ಬಲ್ಲವರು ಮೀನುಗಾರರು. ಅವರಿಗೆ ಬೇಕಾದದ್ದು ಬೇರೆ. ಚೆನ್ನೈಯ ಎಂ. ಎಸ್. ಸ್ವಾಮಿನಾಥನ್ ಸಂಶೋಧನಾ ಪ್ರತಿಷ್ಠಾನ ಮಾಡಿದ ಫಿಶರ್ ಫ್ರೆಂಡ್ ಆ್ಯಪ್ ಅಲೆ, ಗಾಳಿ, ಮೀನಿನ ಜಾಗದ ಜೊತೆಗೆ ಶ್ರೀಲಂಕಾದ ಗಡಿ ಹತ್ತಿರವಾದರೆ ಎಚ್ಚರಿಸುತ್ತದೆ. ಆದರೆ ದಡದಿಂದ ಹತ್ತು ಹನ್ನೆರಡು ಕಿಲೋಮೀಟರಿಗೆ ಫೋನಿನ ಸಿಗ್ನಲ್ ಮುಗಿಯುತ್ತದೆ. 2017ರ ಓಖಿ ಚಂಡಮಾರುತದಲ್ಲಿ ಆಳಸಮುದ್ರದಲ್ಲಿದ್ದವರಿಗೆ ಸುದ್ದಿ ಮುಟ್ಟಲಿಲ್ಲ. 2019ರಲ್ಲಿ ಬಂದ ಜೆಮಿನಿ ಎಂಬ ಡಬ್ಬಿ, ತಯಾರಾದದ್ದು ಬೆಂಗಳೂರಿನಲ್ಲಿ, ಉಪಗ್ರಹದಿಂದ ಎಚ್ಚರಿಕೆ ಹಿಡಿದು ಫೋನಿಗೆ ದಾಟಿಸುತ್ತದೆ. ಅದು ಕೇಳಿಸಿಕೊಳ್ಳುತ್ತದೆ, ಮಾತಾಡುವುದಿಲ್ಲ.

ಇಷ್ಟು ಬಗೆಯ ಉಪಕರಣ ಇರುವಾಗ ಕೊರತೆ ಒಂದೇ, ಅದೂ ಸಣ್ಣದು. ಭಾರತದ ಅಧಿಕೃತ ಎಲೆಕ್ಟ್ರಾನಿಕ್ ನಕ್ಷೆಗಳು ಹಣ ಕೊಟ್ಟು, ಪರವಾನಗಿ ಪಡೆದು ಬಳಸುವಂಥವು. ಹಡಗಿನ ಕಂಪನಿಗೆ ಅದು ಲೆಕ್ಕಕ್ಕಿಲ್ಲ. ಹಾಯಿ ಕಲಿಯುವ ಕಾಲೇಜು ಹುಡುಗಿಗೆ ಲೆಕ್ಕಕ್ಕಿದೆ. ಡೆಹ್ರಾಡೂನಿನ ರಾಷ್ಟ್ರೀಯ ಹೈಡ್ರೊಗ್ರಾಫಿಕ್ ಕಚೇರಿ ಚೆನ್ನೈ ಬಂದರಿನದೊಂದು, ಮಂಗಳೂರಿನದೊಂದು ನಕ್ಷೆಯನ್ನು, ಹಳೆಯ ಆವೃತ್ತಿಯಾದರೂ ಸರಿ, ‘ಕಲಿಕೆಗೆ ಮಾತ್ರ’ ಎಂದು ಮೊಹರು ಹೊಡೆದು ಬಿಟ್ಟುಕೊಡಲಿ.